ಕೆಂಚಾರ್ಲಹಳ್ಳಿಗೆ ಹೋದ ಡೂಪ್ಲಿಕೇಟ್ ಬ್ಯಾಟರಿ

ಮದುವೆ ಮನೆಯಲ್ಲಿ ವಿಡಿಯೋದವನನ್ನು ಎಲ್ಲರೂ ಊಟ ಆಯಿತೇ ಎಂದು ಕೇಳುತ್ತಾರೆ. ಹೊಟ್ಟೆಯೊಳಗೆ ಜಾಗ ಇದೆಯೇ ಎಂದು ಯಾರೂ ಕೇಳುವುದಿಲ್ಲ. ನನ್ನ ಹೊಟ್ಟೆಯ ತುಂಬ ಹೆದರಿಕೆಯೇ ಇರುತ್ತಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ಚಿಂತಾಮಣಿಯಲ್ಲಿ ಒಂದು ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದೆ. ಫೋಟೋ ತೆಗೆಯುವವನಿಗೆ ಒಂದು ಚಿತ್ರ ಕೆಟ್ಟರೆ ಇನ್ನೊಂದು ಇರುತ್ತದೆ. ಗಂಡಿನ ಕೈಯನ್ನು ಹೆಣ್ಣಿನ ಕತ್ತಿನ ಹತ್ತಿರ ಮತ್ತೆ ಹಿಡಿಸಿ "ಇನ್ನೊಂದ್ಸಲ ಸಾರ್" ಅನ್ನಬಹುದು. ವಿಡಿಯೋದವನಿಗೆ ಆ ಭಾಗ್ಯ ಇಲ್ಲ. ಗಟ್ಟಿಮೇಳ ಬಾರಿಸುವುದು ಒಂದೇ ಸಲ.

ನನ್ನದು ಹೆಗಲ ಮೇಲೆ ಹೊರುವ ದೊಡ್ಡ ಕ್ಯಾಮೆರಾ. ಅದರ ಬ್ಯಾಟರಿ ಇಟ್ಟಿಗೆಯ ಹಾಗೆ ಕಪ್ಪಗೆ, ಭಾರವಾಗಿ ಇತ್ತು. ಪೇಟೆಯ ಛತ್ರಗಳಲ್ಲಿ ವೈರು ಎಳೆದುಕೊಂಡು ಕರೆಂಟಿನಲ್ಲೇ ಕೆಲಸ ಮುಗಿಸುತ್ತಿದ್ದೆ. ಹಳ್ಳಿಯ ಚಪ್ಪರದಲ್ಲಿ ಕರೆಂಟನ್ನು ನಂಬಿದವನು ಕೆಟ್ಟ. ಅಲ್ಲಿ ಬ್ಯಾಟರಿಯೇ ಗತಿ. ಕ್ಯಾಮೆರಾ ಜೊತೆ ಬಂದಿದ್ದ ಕಂಪನಿ ಬ್ಯಾಟರಿಗೆ ವಯಸ್ಸಾಗಿತ್ತು. ಎಷ್ಟು ಚಾರ್ಜು ಮಾಡಿದರೂ ವರಪೂಜೆ ಮುಗಿಯುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ಹೊಸ ಕಂಪನಿ ಬ್ಯಾಟರಿಯ ಬೆಲೆ ಕೇಳಿದರೆ ನಾನೇ ಕಣ್ಣು ಮುಚ್ಚಬೇಕಿತ್ತು.

ಹೀಗಿರುವಾಗ ಕೆಂಚಾರ್ಲಹಳ್ಳಿಯ ಒಬ್ಬ ಹೆಂಗಸು ತನ್ನ ಮೈದುನನ ಜೊತೆ ಸ್ಟುಡಿಯೋಗೆ ಬಂದರು. ಮಗಳ ಮದುವೆ. ಮೈದುನ ಎಷ್ಟು ಕ್ಯಾಸೆಟ್ಟು, ಯಾವ ಹಾಡು ಹಾಕುತ್ತೀರಿ ಎಂದೆಲ್ಲಾ ವಿಚಾರಿಸಿದ. ಹೆಂಗಸು ಮೂಲೆಯಲ್ಲಿದ್ದ ಕ್ಯಾಮೆರಾ ನೋಡುತ್ತಾ ಕೂತಿದ್ದರು. ಹಣೆ ಬೋಳಾಗಿತ್ತು. ಹೊರಡುವಾಗ ಮೈದುನನನ್ನು ಮುಂದೆ ಕಳಿಸಿ ನನ್ನ ಹತ್ತಿರ ಬಂದರು.

"ಆ ಕೆಂಪು ದೀಪ ಹತ್ತಿದ್ರೆ ಹಿಡೀತಾ ಇದೆ ಅಂತ ಅಲ್ವೇನಪ್ಪ?"

"ಹೌದಮ್ಮ."

"ಮಿಕ್ಕಿದ್ದು ನೀನು ಹಿಡಿದ್ರೂ ಸರಿ, ಬಿಟ್ರೂ ಸರಿ. ತಾಳಿ ಕಟ್ಟೋದು ಮಾತ್ರ ಬಿಡಬೇಡ. ನಾನು ಅಲ್ಲಿ ನಿಂತ್ಕೊಳೋ ಹಾಗಿಲ್ಲ. ಧಾರೆ ಎರೆಯೋದು ಅವಳ ಚಿಕ್ಕಪ್ಪ, ಚಿಕ್ಕಮ್ಮ. ನಾನು ಟೀವೀಲೇ ನೋಡ್ಬೇಕು."

ಗಂಡ ಸತ್ತವರು ಮಾಂಗಲ್ಯದ ಹೊತ್ತಿಗೆ ಮಂಟಪದ ಕಡೆ ಸುಳಿಯಬಾರದು ಎಂಬುದು ನಮ್ಮ ಕಡೆ ಯಾರೂ ಹೇಳಬೇಕಾದ ಮಾತಲ್ಲ, ಅವರೇ ಸರಿದುಬಿಡುತ್ತಾರೆ. ಎಷ್ಟೋ ಮದುವೆಗಳಲ್ಲಿ ಅದನ್ನು ಕಂಡಿದ್ದೆ, ಕಂಡೂ ಕಾಣದ ಹಾಗಿದ್ದೆ. ಅವತ್ತು ಮಾತ್ರ "ಬಿಡಲ್ಲಮ್ಮ, ನನ್ನ ಮೇಲೆ ಬಿಡಿ" ಅಂದುಬಿಟ್ಟೆ. ಯಾವ ಬ್ಯಾಟರಿ ನಂಬಿಕೊಂಡು ಅಂದೆ ನಾನು?

ಮಾರನೆಯ ದಿನವೇ ಕ್ಯಾಮೆರಾ ಹೊತ್ತುಕೊಂಡು ಶಿಡ್ಲಘಟ್ಟದ ಮೇಲೆ ಹಾಯ್ದು ಚಿಕ್ಕಬಳ್ಳಾಪುರಕ್ಕೆ ಹೋದೆ. ಬಜಾರಿನಲ್ಲಿ ಟೀವಿ, ವಿಸಿಆರ್ ರಿಪೇರಿ ಮಾಡುವ ಅಂಗಡಿಯೊಂದಿತ್ತು. ಅಂಗಡಿಯವನು ಗಾಜಿನ ಮೇಲೆ ಮೂರು ಡೂಪ್ಲಿಕೇಟ್ ಬ್ಯಾಟರಿ ಸಾಲಾಗಿ ಇಟ್ಟ. ಮೂರೂ ನನ್ನ ಕ್ಯಾಮೆರಾಗೆ ಕೂರುತ್ತವಂತೆ. ಒಂದು ತೀರಾ ಹಗುರ, ಒಳಗೆ ಏನಾದರೂ ಇದೆಯೋ ಇಲ್ಲವೋ ಎಂಬಷ್ಟು. ಇನ್ನೊಂದರ ಹೊಟ್ಟೆ ಒಂದು ಕಡೆ ಉಬ್ಬಿತ್ತು. ಮೂರನೆಯದು ಭಾರವೇನೋ ಸರಿಯಾಗಿತ್ತು, ಅದರ ಮೇಲೆ ಬರೆದಿದ್ದ ಕಂಪನಿಯ ಹೆಸರನ್ನು ಹುಟ್ಟಿದಂದಿನಿಂದ ಕೇಳಿರಲಿಲ್ಲ.

"ಗ್ಯಾರಂಟಿ?" ಎಂದೆ.

"ಅಂಗಡಿ ಬಾಗಲು ದಾಟೋ ತನಕ ಗ್ಯಾರಂಟಿ ಸ್ವಾಮಿ," ಎಂದು ನಕ್ಕ.

ನನಗೆ ನಗು ಬರಲಿಲ್ಲ. ಗೌರಿಬಿದನೂರಿನ ಗೆಳೆಯನೊಬ್ಬ, ಅವನೂ ನನ್ನ ಹಾಗೆ ವಿಡಿಯೋದವನೇ, ಡೂಪ್ಲಿಕೇಟ್ ಹಾಕಿ ಕ್ಯಾಮೆರಾದ ಬೋರ್ಡನ್ನೇ ಸುಟ್ಟುಕೊಂಡಿದ್ದ. "ಹೊಗೆ ಬಂತು ಕಣೋ, ಶ್ರಾದ್ಧದ ಮನೇಲಿ ಬಂದ ಹಾಗೆ" ಎಂದು ಅವನು ಹೇಳಿದ್ದು ಕಿವಿಯಲ್ಲೇ ಇತ್ತು. ಮೂರನ್ನೂ ಸರದಿಯ ಮೇಲೆ ಮೂಸಿ ನೋಡಿದೆ. ಅಂಗಡಿಯವನಿಗೆ ನನ್ನ ತಲೆ ಸರಿಯಿಲ್ಲ ಅನಿಸಿರಬೇಕು. ಒಂದೊಂದನ್ನೂ ಕ್ಯಾಮೆರಾಗೆ ಹಾಕಿ, ತೆಗೆದು, ಅಲ್ಲಾಡಿಸಿ, ಗುಂಡಿ ಒತ್ತಿ ನೋಡಿದೆ. ಕೊನೆಗೆ ಕೊಕ್ಕೆ ಟಕ್ ಎಂದು ಬಿಗಿಯಾಗಿ ಕೂತದ್ದು ಆ ಹೆಸರೇ ಕೇಳಿರದ ಕಂಪನಿಯದೇ. ಹಾಳಾಗಿ ಹೋಗಲಿ ಎಂದು ಅದನ್ನೇ ತೆಗೆದುಕೊಂಡೆ.

ವಾಪಸು ಬರುವಾಗ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಮಾರಿ ಬಂದವರು ಖಾಲಿ ಚೀಲಗಳ ಸಮೇತ ಬಸ್ಸು ಹತ್ತಿದರು. ಆ ನೂಕುನುಗ್ಗಲಿನಲ್ಲಿ ಬ್ಯಾಟರಿಯನ್ನು ಮಡಿಲಲ್ಲಿ ಮಗುವಿನ ಹಾಗೆ ಹಿಡಿದು, ಮತ್ತೆ ಮತ್ತೆ ಮುಟ್ಟಿ ಬಿಸಿಯಾಗಿದೆಯೇ ಎಂದು ನೋಡುತ್ತಾ ಬಂದೆ. ಮನೆಯಲ್ಲಿ ಚಾರ್ಜು ಹಾಕಿ ಪಕ್ಕದಲ್ಲೇ ಕೂತೆ. ಸುಟ್ಟ ವಾಸನೆ ಬಂದಂತಾಗಿ ಎದ್ದು ಓಡಿದರೆ ಅಡಿಗೆ ಮನೆಯಲ್ಲಿ ಒಗ್ಗರಣೆ ಸೀದಿತ್ತು. ಆ ಸಿಟ್ಟನ್ನು ಹೆಂಡತಿಯ ಮೇಲೆ ತೀರಿಸಿಕೊಂಡೆ. "ನಿಮ್ಮ ಬ್ಯಾಟರಿ ಪಕ್ಕಾನೇ ಸಂಸಾರ ಮಾಡ್ಕೊಳಿ" ಅಂದಳು ಅವಳು.

ಮದುವೆಯ ದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ದೇವರ ಮುಂದೆ ಬ್ಯಾಟರಿ ಇಟ್ಟು ಪೂಜೆ ಮಾಡುತ್ತಿದ್ದಳು. ನಮ್ಮ ಮನೆಯಲ್ಲಿ ಹೊಸ ಕುಡುಗೋಲು ಬಂದರೂ ಸರಿ, ಹೊಸ ಸೈಕಲ್ ಬಂದರೂ ಸರಿ, ಗಂಧ ಕುಂಕುಮ ಇಡದೆ ಕೆಲಸಕ್ಕೆ ಕಳಿಸುವ ಪದ್ಧತಿಯಿಲ್ಲ. ನನಗೂ ಒಳಗೊಳಗೇ ಸಮಾಧಾನವಾಯಿತು. ಅಮ್ಮ ಕರ್ಪೂರ ಬೆಳಗಿ, ಬ್ಯಾಟರಿಯನ್ನು ಟವೆಲಿನಲ್ಲಿ ಸುತ್ತಿ ಕೊಟ್ಟಳು.

ಕೆಂಚಾರ್ಲಹಳ್ಳಿಯಲ್ಲಿ ನಾನಂದುಕೊಂಡ ಹಾಗೆಯೇ ಕರೆಂಟು ಇರಲಿಲ್ಲ. ಹೊಸ ಬ್ಯಾಟರಿಯನ್ನು ಮುಹೂರ್ತಕ್ಕೆಂದು ಉಳಿಸಿಕೊಂಡು, ಹಳೆಯದರಲ್ಲಿ ಚಪ್ಪರ, ಬೀಗರು, ವರಪೂಜೆ ಎಲ್ಲಾ ಹಿಡಿದೆ. ಹುಡುಗಿಯನ್ನು ಮಂಟಪಕ್ಕೆ ಕರೆತಂದು ಅಂತರಪಟ ಹಿಡಿದರು. ಅಷ್ಟರಲ್ಲಿ ಹಳೆಯದು ಆರಿತು. ನಾನು ಹೊಸದನ್ನು ಟವೆಲಿನಿಂದ ತೆಗೆದು ಸರಕ್ಕನೆ ಸೇರಿಸಿ ಗುಂಡಿ ಒತ್ತಿದೆ.

ಕೆಂಪು ದೀಪ ಹತ್ತಲಿಲ್ಲ.

ತೆಗೆದು ಹಾಕಿದೆ. ಬಡಿದೆ. ಮತ್ತೆ ಹಾಕಿದೆ. ಅಂಗಡಿಯವನ ವಂಶವನ್ನೆಲ್ಲಾ ಶಪಿಸಿದೆ. ಪುರೋಹಿತರ ಮಂತ್ರ ಜೋರಾಗುತ್ತಿತ್ತು, ಓಲಗದವರು ಗಟ್ಟಿಮೇಳಕ್ಕೆಂದು ಅವರ ಕೈಯನ್ನೇ ನೋಡುತ್ತಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಆ ತಾಯಿ ಒಬ್ಬರೇ. ಟೀವಿಯ ಮುಂದೆ ಕೂತು ಕಾಯುತ್ತಾರೆ, ತಾಳಿಯ ಜಾಗದಲ್ಲಿ ಏನೂ ಇರುವುದಿಲ್ಲ. ಅಯ್ಯೋ ದೇವರೇ, ಯಾವ ಮುಖ ಇಟ್ಟುಕೊಂಡು ಹೇಳಲಿ?

ಕ್ಯಾಮೆರಾ ಹೆಗಲ ಮೇಲಿಟ್ಟುಕೊಂಡೇ ಓಡಿದೆ. ಚಪ್ಪರದ ಪಕ್ಕದಲ್ಲಿ ರೇಷ್ಮೆ ಹುಳು ಸಾಕುವ ಹುಳುಮನೆಯಲ್ಲಿ, ಗೋಡೆಗೆ ಒರಗಿಸಿದ ಗೂಡು ಕಟ್ಟಿಸುವ ಬಿದಿರಿನ ತಟ್ಟೆಗಳ ಹಿಂದೆ, ಅವರು ಒಬ್ಬರೇ ವೀಳ್ಯದೆಲೆ ಜೋಡಿಸುತ್ತಾ ಕೂತಿದ್ದರು.

"ಅಮ್ಮ, ಬ್ಯಾಟರಿ ಹೋಯ್ತು. ತಾಳಿ ಕಟ್ಟೋದು ಹಿಡಿಯಕ್ಕಾಗಲ್ಲ. ನೀವೇ ಬಂದು ನೋಡ್ಬೇಕು. ಈಗ್ಲೇ ಬನ್ನಿ!"

"ಬ್ಯಾಡಪ್ಪ, ಜನ ಏನಂತಾರೆ..."

"ಜನ ಎಲ್ಲಾ ಮಂಟಪದ ಕಡೆ ನೋಡ್ತಾವ್ರೆ. ನಿಮ್ಮನ್ಯಾರು ನೋಡ್ತಾರೆ? ಆಮೇಲೆ ಯಾವ ಟೀವೀಲೂ ಬರಲ್ಲಮ್ಮ ಇದು!"

ಆರಿದ ಕ್ಯಾಮೆರಾವನ್ನು ಇಳಿಸಿ ತೋರಿಸಿದೆ. ಅದನ್ನು ಕಂಡೋ ಏನೋ ಅವರು ಎದ್ದರು. ಹೆಂಗಸರ ಗುಂಪಿನ ಹಿಂದೆ, ಚಪ್ಪರದ ಕಂಬ ಹಿಡಿದು, ಸೆರಗು ಹಣೆಯವರೆಗೆ ಎಳೆದುಕೊಂಡು ನಿಂತರು.

"ನಿಂದು ಸರಿಹೋದ್ರೆ ಹೇಳಪ್ಪ. ಒಳಗೆ ಹೋಗ್ಬಿಡ್ತೀನಿ."

ನಾನು ಅವರ ಪಕ್ಕದಲ್ಲೇ ನಿಂತು ಬ್ಯಾಟರಿಯನ್ನು ಕೊನೆಯ ಸಲ ಕಿತ್ತೆ. ಬೆವರಿದ ಬೆರಳು ಕೆಂಪಾಯಿತು. ಕೈ ಕೊಯ್ದುಕೊಂಡೆ ಅಂದುಕೊಂಡೆ. ತಿರುಗಿಸಿ ನೋಡಿದರೆ ಕುಂಕುಮ! ಆ ಕಪ್ಪು ಇಟ್ಟಿಗೆಗೆ ಮುಖ ಯಾವುದು ಎಂದು ನಮ್ಮಮ್ಮನಿಗೆ ಹೇಗೆ ಗೊತ್ತಾಗಬೇಕು? ಕ್ಯಾಮೆರಾಗೆ ತಾಗುವ ಎರಡು ತಗಡುಗಳು ಕಣ್ಣಿನ ಹಾಗೆ ಹೊಳೆಯುವುದನ್ನು ಕಂಡು ಅದೇ ಮುಖವೆಂದು ಎಣಿಸಿ, ಎರಡರ ಮೇಲೂ ಧಾರಾಳವಾಗಿ ಗಂಧ ಮೆತ್ತಿ ಕುಂಕುಮ ಇಟ್ಟಿದ್ದಳು. ಗಂಧ ಒಣಗಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದು ಪಂಚೆಯಲ್ಲಿ ಒರೆಸಿ ಹಾಕಿದೆ, ಗುಂಡಿ ಒತ್ತಿದೆ. ಕೆಂಪು ದೀಪ ಫಕ್ಕನೆ ಹತ್ತಿತು.

ತಕ್ಷಣ ಆರಿಸಿ ಕ್ಯಾಮೆರಾವನ್ನು ಸೊಂಟದ ಹಿಂದೆ ಇಳಿಸಿದೆ. ಯಾಕೆ ಹಾಗೆ ಮಾಡಿದೆನೋ, ಯೋಚಿಸುವಷ್ಟು ಹೊತ್ತೇ ಇರಲಿಲ್ಲ. ಅಂತರಪಟ ಸರಿಯುತ್ತಿತ್ತು. ಆ ತಾಯಿ ಕುತ್ತಿಗೆ ಉದ್ದ ಮಾಡಿ ಮಗಳನ್ನು ನೋಡುತ್ತಿದ್ದರು.

"ಬಂತೇನಪ್ಪ?" ಎಂದರು ನನ್ನ ಕಡೆ ತಿರುಗದೆ.

"ಇಲ್ಲಮ್ಮ," ಎಂದೆ.

ಗಟ್ಟಿಮೇಳ ಎದ್ದಿತು. ಅಕ್ಷತೆ ಹಾರಿತು. ಹಿಂದೆ ನಿಂತವರ ಮೇಲೂ ನಾಲ್ಕು ಕಾಳು ಬಿದ್ದವು. ಅವರು ಕಂಬವನ್ನು ಬಿಗಿಯಾಗಿ ಹಿಡಿದು ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ಯಾರ ಕಣ್ಣಿಗೂ ಬೀಳದ ಹಾಗೆ ಎಲೆ ಜೋಡಿಸಲು ಒಳಗೆ ಹೋದರು.

ಮುಂದಿನ ಶಾಸ್ತ್ರವೆಲ್ಲಾ ಆ ಬ್ಯಾಟರಿಯಲ್ಲೇ ಹಿಡಿದೆ. ಸಾರೋಟಿನಂತೆ ಓಡಿತು, ಪಾಪಿ. ಕ್ಯಾಸೆಟ್ಟು ಕೊಟ್ಟ ವಾರಕ್ಕೆ ಹುಡುಗಿಯ ಚಿಕ್ಕಪ್ಪ, ಅದೇ ಆ ಮೈದುನ, ಸ್ಟುಡಿಯೋಗೆ ನುಗ್ಗಿದ. ಸಿಟ್ಟು ಬಂದರೆ ಅವನಿಗೆ ತೆಲುಗೇ ಬರುತ್ತಿತ್ತು. "ಏಮಪ್ಪಾ, ತಾಳಿ ಎಕ್ಕಡ?" ತಾಳಿ ಎಲ್ಲಿ ಎಂದು ಬಜಾರಿಗೆಲ್ಲಾ ಕೇಳುವಂತೆ ಕೂಗಾಡಿದ. ನಾನು ಡೂಪ್ಲಿಕೇಟ್ ಬ್ಯಾಟರಿ ಕೈಕೊಟ್ಟಿತು ಎಂದೆ. ಆ ಸೀಸನ್ನು ಕೆಂಚಾರ್ಲಹಳ್ಳಿ ಕಡೆಯಿಂದ ನನ್ನನ್ನು ಯಾರೂ ಕರೆಯಲಿಲ್ಲ. ಹೊಟ್ಟೆ ಉರಿಯಿತು, ಯಾರಿಗೂ ಹೇಳುವ ಹಾಗಿರಲಿಲ್ಲ.

ಸುಮಾರು ದಿನಗಳಾದ ಮೇಲೆ ಆ ತಾಯಿ ಒಂದು ಚೀಲದಲ್ಲಿ ಅವರೆಕಾಯಿ ತುಂಬಿಕೊಂಡು ಬಂದರು. ಮಗಳು ಬಸುರಿ ಎಂದರು. ಚೀಲ ಮೇಜಿನ ಮೇಲಿಟ್ಟು, ಮೂಲೆಯಲ್ಲಿದ್ದ ಕ್ಯಾಮೆರಾ ನೋಡುತ್ತಾ ಹಿಂದಿನ ಜಾಗದಲ್ಲೇ ಕೂತರು.

"ನಮ್ಮ ಮೈದುನ ಬೈದನಂತೆ."

"ಇರ್ಲಿ ಬಿಡಮ್ಮ. ಬ್ಯಾಟರಿ ಕೈಕೊಡ್ತು, ಬೈದ್ರು."

"ಯಾಕಪ್ಪ ಅದರ ಮೇಲೆ ಹಾಕ್ತೀಯ?" ಎಂದರು. "ನೀನು ಇಲ್ಲ ಅಂದಾಗ ಕೆಂಪು ದೀಪ ಹತ್ತಿ ಆಗಿತ್ತು. ನಾನು ನೋಡ್ದೆ. ನೋಡಿದ್ರೂ ಒಳಗೆ ಹೋಗ್ಲಿಲ್ಲ ಕಣಪ್ಪ ನಾನು."