ಐಗಳ ಮನೆಯ ಇಂಗ್ಲಿಷು

ಹೊಳೆಮರಳು ನೆನೆದಾಗ ಬರುವ ವಾಸನೆ ಬೇರೆ ಯಾವ ಮಣ್ಣಿಗೂ ಇಲ್ಲ. ಮೊನ್ನೆ ನಮ್ಮ ಬೀದಿಯಲ್ಲಿ ಯಾರೋ ಮನೆ ಕಟ್ಟಿಸಲು ತರಿಸಿದ್ದ ಮರಳಿನ ಗುಡ್ಡೆಯ ಮೇಲೆ ಸಂಜೆಯ ಮಳೆ ಬಿತ್ತು. ಒಂಚೂರು ಪಾಚಿ, ಒಂಚೂರು ಮೀನು ಬೆರೆತ ಆ ತಣ್ಣನೆಯ ವಾಸನೆ ಮೂಗಿಗೆ ಬಡಿದದ್ದೇ ಕಿಕ್ಕೇರಿಯ ನಮ್ಮ ಮನೆಯ ಜಗುಲಿ ಕಣ್ಣ ಮುಂದೆ ಬಂತು. ಅಲ್ಲಿ ನನ್ನ ತಾತ ಹೇಮಾವತಿಯ ಮರಳನ್ನು ಜರಡಿ ಹಿಡಿದು ಹರಡಿ, ನೀರು ಚಿಮುಕಿಸಿ, ನನ್ನ ತೋರುಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಊರಿನವರು ಅವರನ್ನು ಐಗಳು ಎಂದೇ ಕರೆಯುತ್ತಿದ್ದರು. ಅವರ ಅಪ್ಪ, ಆಮೇಲೆ ಅವರು, ಅದೇ ಜಗುಲಿಯಲ್ಲಿ ಕೂಲಿಮಠ ನಡೆಸಿದವರು. ರಾಗಿಯನ್ನೋ ಅವರೆಕಾಳನ್ನೋ ತಂದುಕೊಟ್ಟು ಊರ ಮಕ್ಕಳು ಕಲಿಯುತ್ತಿದ್ದ ಮನೆಯ ಶಾಲೆ ಅದು. ಬರೆಯಲು ಮರಳು, ಉಳಿದದ್ದೆಲ್ಲ ಬಾಯಿಪಾಠ. ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿ ಎಂದು ಶುರುವಾಗಿ, ಕಣದಲ್ಲಿ ರಾಶಿ ಅಳೆಯುವ ಲೆಕ್ಕ, ಸೊಟ್ಟ ಹೊಲ ಅಳೆಯುವ ಲೆಕ್ಕ, ಮಳೆ ನಕ್ಷತ್ರಗಳ ಲೆಕ್ಕದವರೆಗೆ ಒಂದೊಂದಕ್ಕೂ ಒಂದೊಂದು ರಾಗವಿತ್ತು. ನಿಮ್ಮ ಮನೆಯಲ್ಲೂ ಹೀಗೆ ರಾಗವಾಗಿ ಲೆಕ್ಕ ಹೇಳುವ ಹಿರಿಯರೊಬ್ಬರು ಇದ್ದಿರಬಹುದು.

ಮಠ ನಾನು ಹುಟ್ಟುವ ಬಹಳ ಮೊದಲೇ ನಿಂತಿತ್ತು. ಬಿಳಿಯರ ಕಾಲದಲ್ಲಿ ಶಾಲೆ ತನಿಖೆಯ ಸಾಹೇಬರೊಬ್ಬರು ಬಂದು, ಮರಳು ನೋಡಿ, ಅಚ್ಚಾದ ಪುಸ್ತಕ ಎಲ್ಲಿ, ಬೆಂಚು ಎಲ್ಲಿ ಎಂದು ಕೇಳಿ, ಇದು ಶಾಲೆಯೇ ಅಲ್ಲ ಅಂದು ಹೋದರಂತೆ. ಹೊಸ ಶಾಲೆಯಲ್ಲಿ ಓದಿದವರಿಗೆ ಮಾತ್ರ ಸರ್ಕಾರದ ಕೆಲಸ ಎಂದು ತಿಳಿದ ಮೇಲೆ, ವರ್ಷ ಕಳೆದ ಹಾಗೆ ಮಕ್ಕಳು ಒಬ್ಬೊಬ್ಬರಾಗಿ ಅತ್ತ ಹೋದರು. ಕಡೆಗೆ ಜಗುಲಿಯಲ್ಲಿ ಉಳಿದದ್ದು ನಮ್ಮಪ್ಪ ಒಬ್ಬರೇ. “ನಾನೇ ನಿಮ್ಮಪ್ಪನ ಕೈ ಇಡ್ಕಂಡೋಗಿ ಆ ಇಸ್ಕೂಲಿಗೆ ಸೇರಿಸ್ಬುಟ್ಟು ಬಂದೆ ಕಣವ್ವ,” ಎಂದು ತಾತ ಹೇಳುತ್ತಿದ್ದರು. ಆ ದನಿಯಲ್ಲಿ ಬೇಸರವಿತ್ತೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ.

ಹಾಗೆ ಸೇರಿದ ಅಪ್ಪ ಓದಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾದರು. ತೊಂಬತ್ತರ ದಶಕದಲ್ಲಿ ಕೆ.ಆರ್. ಪೇಟೆಯಲ್ಲಿ ಕಾನ್ವೆಂಟೊಂದು ಶುರುವಾದಾಗ ನನ್ನನ್ನು ಅಲ್ಲಿಗೆ ಹಾಕಿದರು. ಅಲ್ಲಿ ಬಾಯಿ ತಪ್ಪಿ ಕನ್ನಡ ಬಂದರೆ ಬಾಗಿಲ ಬಳಿ ಮಂಡಿಯೂರಿ ಕೂರಬೇಕು. ನಾನು ಬಾಯಿ ತೆರೆಯುವುದನ್ನೇ ಬಿಟ್ಟೆ. ಹೆಡ್ ಮಿಸ್ಸು ಅಪ್ಪನನ್ನು ಕರೆಸಿ, ಇಂಗ್ಲಿಷ್ ಮೇಷ್ಟರ ಮಗಳೇ ಹೀಗಾದರೆ ಹೇಗೆ, ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿಸಿ ಎಂದರು. ಅವತ್ತು ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತಲೇ ಹೇಳಿದರು: “ನಾಳೆಯಿಂದ ಇವಳ ಜೊತೆ ಯಾರೂ ಕನ್ನಡ ಮಾತಾಡ್ಬ್ಯಾಡಿ. ಮೈಸೂರಿನ ಕಾಲೇಜ್ನಲ್ಲಿ ಇಂಗ್ಲಿಷ್ ಮಾತಾಡಕೆ ಬರ್ದೆ ಬಾಯಿ ಮುಚ್ಕಂಡು ಕೂತಿದ್ದೋನು ನಾನು. ಇವಳು ಅಂಗೆ ಕೂರಬಾರ್ದು.”

ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ತಾತನಿಗೂ ಬರುತ್ತಿರಲಿಲ್ಲ. ಮಾರನೆಯ ದಿನದಿಂದ ಅವ್ವ ನನ್ನ ಜಡೆ ಹಾಕುವಾಗ ತಿರುಗು ಎನ್ನಲು ಭುಜ ತಟ್ಟುತ್ತಿದ್ದಳು, ಇನ್ನಷ್ಟು ಹುಳಿ ಬೇಕಾ ಎನ್ನಲು ಸೌಟು ಎತ್ತಿ ತೋರಿಸುತ್ತಿದ್ದಳು. ತಾತ ಜಗುಲಿಯ ಪಾಠ ನಿಲ್ಲಿಸಿ ಹಗಲೆಲ್ಲ ಕೊಟ್ಟಿಗೆಯಲ್ಲೇ ಕೂರತೊಡಗಿದರು. ನಾನು ಹತ್ತಿರ ಹೋದರೆ ತುಟಿಯ ಮೇಲೆ ಬೆರಳಿಟ್ಟು ಒಳಮನೆಯ ಕಡೆ ಕಣ್ಣು ಮಾಡುತ್ತಿದ್ದರು. ಸ್ವಲ್ಪ ದಿನದ ಮೇಲೆ ತಾವೇ ಕೈಸನ್ನೆ ಮಾಡಿ ಕರೆದು, “ಬಾ ಅನ್ನಕೆ ಏನವ್ವ ಅಂತಾರೆ?” ಎಂದು ಪಿಸುಗುಟ್ಟಿದರು. ಹೇಳಿಕೊಟ್ಟೆ. ಕೂತ್ಕೊ, ಉಣ್ಣು ಎನ್ನುವುದನ್ನೂ ಕೇಳಿ ಕಲಿತರು. ಆಮೇಲೆ ಸಂಜೆ ನಾನು ಬಸ್ಸಿಳಿದು ಬಂದರೆ “ಕಮ್”, ಪಕ್ಕಕ್ಕೆ ಹೋದರೆ “ಸಿಟ್”, ಮಡಿಲಿನಿಂದ ಹುರಿಗಡಲೆ ತೆಗೆದು “ಈಟ್”. ಅಷ್ಟು ಪದ್ಯ, ಒಗಟು, ಲೆಕ್ಕ ತುಂಬಿದ್ದ ಬಾಯಲ್ಲಿ ನನ್ನ ಪಾಲಿಗೆ ಉಳಿದದ್ದು ಇವೇ. ಶಾಲೆಗೂ ಮನೆಗೂ ನಡುವೆ ಬಸ್ಸೊಂದೇ ನನಗೆ ಬಯಲು. ಸಂತೆಯಿಂದ ಬರುವ ಹೆಂಗಸರು ಸೊಸೆಯರನ್ನೂ ಎಮ್ಮೆಗಳನ್ನೂ ಬೈಯುತ್ತಿದ್ದರೆ, ಇಳಿಯುವ ಮನಸ್ಸಿಲ್ಲದೆ ಕೇಳುತ್ತ ಕೂತಿರುತ್ತಿದ್ದೆ.

ಆ ಮಳೆಗಾಲದಲ್ಲಿ ನನಗೆ ಕಿವಿನೋವು ಶುರುವಾಯಿತು. ಒಳಗೆ ಸಿಡಿತ, ಹಿಂದೆಯೇ ಜೇನುಗೂಡಿನಂತೆ ಗುಂಯ್ ಎನ್ನುವ ಸದ್ದು. ಇವಕ್ಕೆಲ್ಲ ನನ್ನ ಬಳಿ ಇದ್ದದ್ದು ಒಂದೇ ಮಾತು. “ಪೇನ್,” ಎಂದೆ. ಅಪ್ಪ ಎಲ್ಲಿ, ಹೇಗೆ, ಎಂದಿನಿಂದ ಎಂದು ಇಂಗ್ಲಿಷಿನಲ್ಲೇ ಕೇಳಿದರು. ನಾನು ಮತ್ತೆ ಪೇನ್ ಎಂದು ಅಳತೊಡಗಿದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ನನ್ನ ತಲೆಯನ್ನು ಎದೆಗೊತ್ತಿಕೊಂಡಳು. ಅಪ್ಪನಿಗೆ ಎದುರು ಮಾತಾಡಿದವಳಲ್ಲ ಅವಳು.

“ಸಾಕು ಬುಡಿ,” ಎಂದಳು. “ನನ್ನ ಮಗೀನ ನೋವು ಕೇಳಕೆ ನಾನು ಯಾವ ಇಸ್ಕೂಲಿಗೋಗಿ ಬರ್ಲಿ? ಯೇಳವ್ವ, ಎಲ್ಲಿ ನೋಯ್ತದೆ?”

ನಾನು ಹೇಳಿದೆ. ತಿಂಗಳುಗಳಿಂದ ಕಟ್ಟಿಕೊಂಡಿದ್ದನ್ನೆಲ್ಲ, ಕಿವಿಯದಷ್ಟೇ ಅಲ್ಲ, ಬಿಕ್ಕುತ್ತ ಹೇಳಿದೆ. ಅಪ್ಪ ಸ್ಕೂಟರು ತೆಗೆದರು. ಕೆ.ಆರ್. ಪೇಟೆಯ ಡಾಕ್ಟರ ಹತ್ತಿರ ಹೋಗುವವರೆಗೂ ದಾರಿಯುದ್ದಕ್ಕೂ “ತಡ್ಕೊ ಮಗ, ಬಂದ್ಬುಡ್ತು” ಎನ್ನುತ್ತಲೇ ಇದ್ದರು. ಕಿವಿಯೊಳಗೆ ಕೀವು ಕಟ್ಟಿತ್ತು. ವಾಸಿಯಾಯಿತು. ಮನೆಯಲ್ಲಿ ಆ ಕಟ್ಟಳೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆದರೆ ತಾತ ಜಗುಲಿಗೆ ಬರಲಿಲ್ಲ. ನಾನೇ ಮರಳು ಹರಡಿ ಕರೆದೆ. ಅವರು ಕೊಟ್ಟಿಗೆಯ ಕಂಬಕ್ಕೆ ಒರಗಿದ್ದವರು ಏಳಲಿಲ್ಲ. “ಬ್ಯಾಡ ಕಣವ್ವ. ನಿಮ್ಮಪ್ಪನ್ನ ಅತ್ಲಾಗೆ ಕಳಿಸ್ದೋನು ನಾನೇ. ಈಗ ನಿನ್ನ ಇತ್ಲಾಗೆ ಎಳುದ್ರೆ ನೀನು ಯಾವ ಕಡೀಕೂ ಆಗಕಿಲ್ಲ.” ಕಾಡಿದೆ, ಮುನಿಸಿಕೊಂಡೆ. ಅವರು ನನ್ನ ಕೂದಲು ಸವರಿದರೇ ಹೊರತು ಹೇಳಿಕೊಡಲಿಲ್ಲ. ಮುಂದಿನ ರಾಗಿ ಕೊಯ್ಲಿನ ಹೊತ್ತಿಗೆ ತೀರಿಕೊಂಡರು.

ತಿಥಿಗೆ ಬಂದ ನೆಂಟರೆಲ್ಲ ಹೋದ ಮೇಲೆ ಅಪ್ಪ ಜಗುಲಿಯಲ್ಲಿ ನನ್ನ ಪಕ್ಕ ಕೂತರು. “ತಾತ ನಿಂಗೆ ಎಲ್ಲೀಗಂಟ ಯೇಳ್ಕೊಟ್ಟಿದ್ರು?” ಎಂದು ಕೇಳಿದರು.

“ಅರೆಯ ಮಗ್ಗಿಗಂಟ.”

“ನಂಗೆ ಮುಕ್ಕಾಲು,” ಎಂದರು. ಆ ಮಗ್ಗಿಯನ್ನು ಮೆಲ್ಲಗೆ ಹೇಳತೊಡಗಿದರು. ಇಂಗ್ಲಿಷ್ ಪಾಠ ಮಾಡುವ ಆ ಗಡಸು ಗಂಟಲಲ್ಲಿ ಅಂಥ ರಾಗವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಎಲ್ಲೂ ತೊದಲದೆ ಕೊನೆಯವರೆಗೂ ಹೇಳಿ ನಿಲ್ಲಿಸಿದರು.

“ಆಮೇಲೆ ಒಂದೂಕಾಲು,” ಎಂದರು. “ಲೆಕ್ಕವೇನೋ ಮಾಡ್ಬೋದು. ರಾಗ ಎಂಗಿತ್ತೋ.”

ಅವ್ವ ಒಳಗೆ ದೀಪ ಹಚ್ಚಿದಳು. ನಾವಿಬ್ಬರೂ ಏಳಲಿಲ್ಲ.