ಎಣ್ಣೆ ಹೆಪ್ಪುಗಟ್ಟಿಸಿದ ಘನಕಾರ್ಯ

ಬಜ್ಜಿ ಕರಿದ ಮೇಲೆ ಬಾಣಲೆಯಲ್ಲಿ ಉಳಿಯುವ ಎಣ್ಣೆಯಂಥ ಇಕ್ಕಟ್ಟಿನ ವಸ್ತು ಗೃಹಸ್ಥಾಶ್ರಮದಲ್ಲಿ ಇನ್ನೊಂದಿಲ್ಲ. ಮತ್ತೆ ಕಾಯಿಸಿದರೆ ಡಾಕ್ಟರು ಬೈಯುತ್ತಾರೆ, ಗಟಾರಕ್ಕೆ ಸುರಿದರೆ ಓಣಿಯವರು ಬೈಯುತ್ತಾರೆ, ಹಾಗೇ ಇಟ್ಟರೆ ಇರುವೆಗಳು ಮಾತ್ರ ಹರಸುತ್ತವೆ.

ಈ ಸಂಕಟಕ್ಕೆ ನನ್ನ ಬಳಿ ಮದ್ದಿತ್ತು. ನಾನು ಆಳಂದದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಬಿಡುವಿನಲ್ಲಿ ದ್ರವಗಳನ್ನು ಹೆಪ್ಪುಗಟ್ಟಿಸುವ ಸಂಶೋಧಕ. ಔಡಲೆಣ್ಣೆಯಿಂದ ತಯಾರಾದ ಮೇಣದಂಥ ಬಿಳಿ ಪುಡಿಯೊಂದನ್ನು ಬಿಸಿ ಎಣ್ಣೆಗೆ ಬೆರೆಸಿ ಆರಲು ಬಿಟ್ಟರೆ, ಅದರ ಪುಟಾಣಿ ಅಣುಗಳು ಯಾರ ಅಪ್ಪಣೆಗೂ ಕಾಯದೆ ಒಂದರ ಕೈ ಇನ್ನೊಂದು ಹಿಡಿದು ಎಳೆಗಳಾಗುತ್ತವೆ, ಎಳೆಗಳು ಹೆಣೆದುಕೊಂಡು ಬಲೆಯಾಗುತ್ತವೆ. ಪಾತ್ರೆಯ ಎಣ್ಣೆಯೆಲ್ಲ ಆ ಬಲೆಗೆ ಸಿಕ್ಕಿ ಗಟ್ಟಿ ಮೊಸರಿನಂತೆ ನಿಂತುಬಿಡುತ್ತದೆ. ಇದನ್ನು ನನ್ನ ಅತ್ತೆಯವರಿಗೆ ಒಮ್ಮೆ ಸವಿಸ್ತಾರವಾಗಿ ವಿವರಿಸಿದ್ದೆ. ಪೂರ್ತಿ ಕೇಳಿ ಅವರು, "ಹೆಪ್ಪು ಹಾಕಾಕ ಇಷ್ಟೆಲ್ಲಾ ಓದಬೇಕೇನ್ರಿ ಅಳಿಯಾರ?" ಎಂದಿದ್ದರು. ಆ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಕಳೆದ ಬೇಸಿಗೆಯಲ್ಲಿ ಯಡ್ರಾಮಿಯ ಅವರ ಮನೆಗೆ ಹೊರಟಾಗ ಆ ಮುಳ್ಳು ಕೀಳಲೆಂದೇ ಪುಡಿಯ ಪೊಟ್ಟಣ ಚೀಲಕ್ಕೆ ಹಾಕಿಕೊಂಡೆ. ಮಧ್ಯಾಹ್ನ ಮೆಣಸಿನಕಾಯಿ ಬಜ್ಜಿಯಾಯಿತು. ಅತ್ತೆ ಪಕ್ಕದ ಮನೆಗೆ ಹೋದರು. ನಾನು ಕಳ್ಳಬೆಕ್ಕಿನಂತೆ ಅಡಿಗೆಮನೆ ಹೊಕ್ಕು, ಒಲೆಯ ಮೇಲಿದ್ದ ಪಾತ್ರೆಯ ಇನ್ನೂ ಬಿಸಿಯಾಗಿದ್ದ ಕಂದು ಎಣ್ಣೆಗೆ ಪುಡಿ ಸುರಿದು ಕಲಕಿದೆ. ಗಂಟೆಯೊಳಗೆ ಎಣ್ಣೆ ನಿಂತಿತು. ಪಾತ್ರೆಯನ್ನು ತಲೆಕೆಳಗು ಹಿಡಿದೆ, ಹನಿಯೂ ಬೀಳಲಿಲ್ಲ. ಹಿಂತಿರುಗಿದ ಅತ್ತೆಗೆ ಅದೇ ಭಂಗಿಯಲ್ಲಿ ದರ್ಶನ ಕೊಟ್ಟೆ.

"ಅಯ್ಯ ಶಿವನೇ! ಅದು ನಮ್ಮಕ್ಕನ ಮೊಣಕಾಲಿನ ಎಣ್ಣಿ!"

ಬಜ್ಜಿಯ ಎಣ್ಣೆ ಮೂಲೆಯಲ್ಲಿ ತಟ್ಟೆ ಮುಚ್ಚಿಕೊಂಡು ನಿರಪರಾಧಿಯಂತೆ ಕುಳಿತಿತ್ತು. ನಾನು ಕೈಯಾಡಿಸಿದ್ದು, ಗೊಬ್ಬೂರಿನ ಅಕ್ಕ ನೀಲಮ್ಮನಿಗೆಂದು ಅತ್ತೆ ಲಕ್ಕಿ ಗಿಡದ ಸೊಪ್ಪು, ಬೆಳ್ಳುಳ್ಳಿ ಹಾಕಿ ಎರಡು ದಿನ ಕಾಯಿಸಿದ ಔಷಧಿಯಲ್ಲಿ. ದ್ರವವನ್ನು ಘನ ಮಾಡಹೊರಟ ನನ್ನ ಘನಕಾರ್ಯ ಶುದ್ಧ ಉಪದ್ರವವಾಯಿತು.

"ಬಿಸಿ ಮಾಡಿದ್ರ ಕರಗತೈತ್ರಿ," ಎಂದು ಒಲೆ ಹಚ್ಚಿದೆ. ಕರಗಿತು. ಅತ್ತೆಯ ಮುಖವೂ ತುಸು ಕರಗಿತು. ಆದರೆ ಆರಿದೊಡನೆ ಅಣುಗಳು ಮತ್ತೆ ಕೈ ಹಿಡಿದುಕೊಂಡವು. ಮತ್ತೆ ಕಾಯಿಸಿದೆ, ಮತ್ತೆ ಹೆಪ್ಪು. ಇದು ಈ ಪುಡಿಯ ಗುಣವೆಂದು ತರಗತಿಯಲ್ಲಿ ವರ್ಷವರ್ಷವೂ ಕೊಂಡಾಡುವವನೇ ನಾನು.

ಮೂರನೆಯ ಸಲಕ್ಕೆ ಅತ್ತೆ ಒಲೆ ಆರಿಸಿದರು. "ಸಾಕು ಬಿಡ್ರಿ. ನೀವ ಒಯ್ದು ನಮ್ಮಕ್ಕಗ ಕೊಡ್ರಿ. ಏನ್ ಮಾಡೀರಂತ ನೀವ ಹೇಳ್ರಿ."

ಮುಲಾಮುಗಳಲ್ಲೂ ಬಳಸುವ ಪುಡಿಯಾದ್ದರಿಂದ ಚರ್ಮಕ್ಕೆ ಭಯವಿರಲಿಲ್ಲ. ಭಯವಿದ್ದದ್ದು ನನ್ನ ಮಾನಕ್ಕೆ. ಮರುದಿನ ಜೇವರ್ಗಿ ದಾಟಿ, ಬಸ್ಸು ಬದಲಿಸಿ, ತೊಡೆಯ ಮೇಲೆ ಹೆಪ್ಪೆಣ್ಣೆಯ ಡಬ್ಬಿ ಇಟ್ಟುಕೊಂಡು, ತಪ್ಪೊಪ್ಪಿಗೆಯನ್ನು ದಾರಿಯುದ್ದಕ್ಕೂ ಉರುಹೊಡೆಯುತ್ತ ಗೊಬ್ಬೂರು ಸೇರಿದೆ.

ನೀಲಮ್ಮನವರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಅವರ ಕೈಗಳು ಸದಾ ನಡುಗುತ್ತಿದ್ದುದರಿಂದ, ಎಣ್ಣೆ ಬಗ್ಗಿಸಿಕೊಂಡರೆ ಅರ್ಧ ಸೀರೆಗೆ, ಅರ್ಧ ನೆಲಕ್ಕೆ. ಹಾಗಾಗಿ ಸೊಸೆ ಹೊಲದಿಂದ ಬಂದು ಹಚ್ಚುವವರೆಗೆ ನೋವು ನುಂಗಿಕೊಂಡು ಕಾಯುತ್ತಿದ್ದರು. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಅವರು ಡಬ್ಬಿ ಇಣುಕಿದರು. ಬೆರಳಿನಿಂದ ಒಂದಿಷ್ಟು ತೋಡಿದರು. ಕೈ ನಡುಗಿತು, ಬೆರಳ ತುದಿಯ ಎಣ್ಣೆ ಮಾತ್ರ ಬೀಳಲಿಲ್ಲ. ಮೆಲ್ಲಗೆ ಮೊಣಕಾಲಿಗೆ ಮುಟ್ಟಿಸಿ ತಿಕ್ಕಿದರು. ಮತ್ತೆ ತೋಡಿ ಇನ್ನೊಂದು ಕಾಲಿಗೆ.

ಅಷ್ಟರಲ್ಲಿ ಸೊಸೆ ಬಂದಳು. "ತಡೀರಿ ಅತ್ತಿ, ಕೈ ತೊಳಕೊಂಡು ಬಂದು ಹಚ್ತೇನಿ."

"ನೀ ಕುಂದರ ಬೇ. ದಣದ ಬಂದೀದಿ. ನಾನ ಹಚ್ಚಿಕೊಂಡೇನಿ."

ಸೊಸೆ ಅತ್ತೆಯ ಮೊಣಕಾಲನ್ನೂ ಹನಿ ಎಣ್ಣೆಯೂ ಬೀಳದ ನೆಲವನ್ನೂ ನೋಡಿ ಪಕ್ಕದಲ್ಲೇ ಕೂತಳು. ಕಣ್ಣಿಗೆ ಕಾಣದಷ್ಟು ಸಣ್ಣವು ಕೈ ಹಿಡಿದು ನಿಂತರೆ ಎಷ್ಟು ದೊಡ್ಡ ಭಾರ ಹೊರುತ್ತವೆಂದು ಎಷ್ಟೋ ಸಲ ಪಾಠ ಮಾಡಿದ ನನಗೇ ಅದು ಅಂದು ಮೊದಲ ಬಾರಿಗೆ ಅರ್ಥವಾದಂತಿತ್ತು.

ನೀಲಮ್ಮನವರು ತಂಗಿಗೆ ಫೋನು ಹಚ್ಚಿಸಿದರು. ನಾನು ತೀರ್ಪಿಗೆ ಕಾಯುವ ಅಪರಾಧಿಯಂತೆ ನಿಂತೆ.

"ತಂಗಿ, ಅಳಿಯಾರು ಎಣ್ಣಿ ಕೆಡಿಸ್ಯಾರ, ಖರೇ. ಆದ್ರ ಭಾಳ ಚಲೋ ಕೆಡಿಸ್ಯಾರ. ಮುಂದಿನ ಸಲಾನೂ ಅವರ ಕೈಲೇ ಕೆಡಿಸಿ ಕಳಸು."