ಎದುರುಮನೆ ಆಂಟಿಗೆ ಅಂಟಿಕೊಂಡ ಹಾಡು

ಮೊನ್ನೆ ಪಲಾವಿಗೆಂದು ಮಸಾಲೆ ಡಬ್ಬಿ ತೆರೆದೆ. ಲವಂಗದ ವಾಸನೆ ಮೂಗಿಗೆ ಬಡಿದದ್ದೇ ತಡ, ಮಲೇಷ್ಯಾದ ಪುಚೊಂಗ್‌ನ ನಮ್ಮ ಕಾಂಡೊ ಅಪಾರ್ಟ್‌ಮೆಂಟಿನಲ್ಲಿ ಎದುರುಮನೆಯಲ್ಲಿದ್ದ ಆಂಟಿ ನೆನಪಾದರು. ಹಾಡುವ ಮೊದಲು ಅವರ ಬಾಯಲ್ಲೊಂದು ಲವಂಗ ಇರಲೇಬೇಕಿತ್ತು...

ಆಂಟಿ ಮದುವೆಯಾಗಿ ಮಂಗಳೂರಿನಿಂದ ಕೌಲಾಲಂಪುರಕ್ಕೆ ಬಂದದ್ದು ಡಿಸ್ಕೊ ಕಾಲದಲ್ಲಿ. ಇಗರ್ಜಿಯಲ್ಲಿ ಹಾಡಿ ಪಳಗಿದ ಗಂಟಲು. ಇಲ್ಲಿನ ಹೋಟೆಲೊಂದರ ಬ್ಯಾಂಡಿಗೆ ಸೇರಿದರು. ಆಗ ಅಮೆರಿಕದ ಸೋಲ್ ಸಂಗೀತದ ಒಂದು ಹಾಡು ಊರಿಗೆಲ್ಲ ಹುಚ್ಚು ಹಿಡಿಸಿತ್ತಂತೆ. ಆಂಟಿ ಅದನ್ನು ಹಾಡಿದರೆ ಜನ ಊಟದ ತಟ್ಟೆ ಬಿಟ್ಟು ಕುಣಿಯುತ್ತಿದ್ದರಂತೆ. ಬ್ಯಾಂಡು ಹೋಯಿತು, ಹೋಟೆಲೂ ಮುಚ್ಚಿತು. ಹಾಡು ಮಾತ್ರ ಬಿಡಲಿಲ್ಲ. ಜಾಹೀರಾತಿಗೆ ಬಂತು, ರಿಂಗ್‌ಟೋನ್ ಆಯಿತು, ಈಗಿನ ಹುಡುಗರು ಅದರ ಬೀಟ್ ಎತ್ತಿಕೊಂಡು ಮತ್ತೊಮ್ಮೆ ಹಿಟ್ ಮಾಡಿದರು. ನಮ್ಮವರ ಯಾವ ಮದುವೆಗೆ ಹೋದರೂ ಆಂಟಿಯಿಂದ ಅದೇ ಆಗಬೇಕು.

"ಹಾಡು ಒಳ್ಳೇದೇ ಮಾರಾಯ್ತಿ. ಆದ್ರೆ ಅದು ನಂದಲ್ಲ ಅಲ್ವಾ?" ಎನ್ನುತ್ತಿದ್ದರು.

ಅವರದ್ದೇ ಒಂದಿತ್ತು. ಕೊಂಕಣಿಯಲ್ಲಿ ಅವರೇ ಕಟ್ಟಿದ್ದು. ತಾಯಿಯೊಬ್ಬಳು ಬಂಗುಡೆ ತೊಳೆಯುತ್ತ ಮಗಳನ್ನು ಬೈಯುತ್ತಾಳೆ. ಬೈಯುತ್ತ ಬೈಯುತ್ತಲೇ, ಇವಳು ಇನ್ನೇನು ಕಡಲಾಚೆ ಹೋಗುವವಳು ಎಂದು ನೆನಪಾಗಿ, ದೊಡ್ಡ ಮೀನನ್ನು ಅವಳಿಗೆಂದೇ ತೆಗೆದಿಡುತ್ತಾಳೆ... ತಮ್ಮ ಅಡುಗೆಮನೆಯಲ್ಲಿ ಹಾಡಿ, ನನಗೆ ಅರ್ಥವನ್ನೂ ಬಿಡಿಸಿ ಹೇಳಿದ್ದರು.

ಒಂದು ಕ್ರಿಸ್ಮಸ್ ಪಾರ್ಟಿಯಲ್ಲಿ ಧೈರ್ಯ ಮಾಡಿ ಅದನ್ನೇ ಶುರು ಮಾಡಿದರು. ಮೊದಲ ಚರಣ ಮುಗಿದಿತ್ತಷ್ಟೆ, ಹಿಂದಿನಿಂದ ಕೂಗು: "ಆಂಟಿ, ಬೋರಿಂಗ್ ಲಾ! ನಮ್ಮ ಸಾಂಗ್ ಹಾಡಿ!" ಕೀಬೋರ್ಡಿನವನು ಕಾಯಲೂ ಇಲ್ಲ, ಡಿಸ್ಕೊ ತಾಳ ಬಾರಿಸಿಯೇ ಬಿಟ್ಟ. ಆಂಟಿ ಮೈಕ್ ಕೆಳಗಿಳಿಸಿದರು. ಆಮೇಲೆ ನಕ್ಕು, ಅವರು ಕೇಳಿದ್ದನ್ನೇ ಹಾಡಿದರು. ಎಲ್ಲರೂ ಕುಣಿದರು. ನನಗೆ ಕೈಯಲ್ಲಿದ್ದ ತಟ್ಟೆ ಎಸೆದುಬಿಡಬೇಕೆನಿಸಿತ್ತು.

ಹಾಸಿಗೆ ಹಿಡಿದಾಗ ಆಂಟಿ ನನಗೆ ಹೇಳಿದ್ದರು, "ನಾನು ಹೋದ ಮೇಲಾದ್ರೂ ಆ ಅಮೆರಿಕದ ಹಾಡನ್ನು ಹಾಕ್ಬೇಡಿ ಆಯ್ತಾ?"

ಅವರು ತೀರಿಕೊಂಡ ಮೇಲೆ, ಪೆಟಾಲಿಂಗ್ ಜಯಾದಲ್ಲಿ ನೆನಪಿನ ಸಭೆ ಇಟ್ಟುಕೊಂಡ ಮಗನಿಗೆ ಅದನ್ನು ತಿಳಿಸಿದೆ. ಇಲ್ಲೇ ಬೆಳೆದವನು. ನಮ್ಮ ಮಾತು ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಬಟ್ ದಟ್ಸ್ ಮಮ್ಮಾಸ್ ಸಾಂಗ್! ಎವ್ರಿಬಡಿ ಲವ್ಸ್ ಇಟ್!"

"ಅಲ್ಲಪ್ಪಾ, ಅವರ ಹಾಡೇ ಬೇರೆ," ಎಂದೆ. ಅವನ ಕಣ್ಣು ತುಂಬಿಕೊಂಡಿತು. ಅಳುವವನ ಜೊತೆ ಎಷ್ಟು ಜಗಳವಾಡಲಿ? ಸಭೆಯಲ್ಲಿ ಅದೇ ಹಾಡು ಮೊಳಗಿತು. ಜನ ಕಣ್ಣೊರೆಸಿಕೊಳ್ಳುತ್ತಲೇ ಕಾಲು ಕುಣಿಸಿದರು.

ಆಂಟಿಯ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಪ್ರೀತಿಯಿಂದಲೇ ಹೀಗೆ ಮಾಡಿದವರ ಮೇಲೆ ಅದನ್ನು ತೋರಿಸುವುದಾದರೂ ಹೇಗೆ? ಪಾತ್ರೆ ತೊಳೆಯುವಾಗ ಒಮ್ಮೊಮ್ಮೆ ಆ ಕೊಂಕಣಿ ಹಾಡು ಗುನುಗುತ್ತೇನೆ. ಮೊದಲ ಚರಣ ಸಲೀಸಾಗಿ ಬರುತ್ತದೆ. ಎರಡನೆಯದರಲ್ಲಿ ರಾಗ ಜಾರುತ್ತದೆ... ಹೀಗಲ್ಲ, ಹಾಗೆ ಎಂದು ತಿದ್ದಲು ಯಾರೂ ಇಲ್ಲ.